ತುಳಸಿ ಪಕ್ಕದ ಕತ್ತಾಳೆ

ನಾನು ಒಂದು ಕತ್ತಾಳೆ. ಬೇಲಿಯಲ್ಲಿ ಆಳೆತ್ತರ ಬೆಳೆಯುವ ಒರಟು ಕತ್ತಾಳೆಯಲ್ಲ, ಮೊರದಷ್ಟೇ ಅಗಲವಾಗುವ ಗಿಡ್ಡ ಜಾತಿ. ಎಲೆಯೆಲೆಗೂ ಮುಳ್ಳಿದೆ, ಅದಕ್ಕೆ ನನಗೆ ನಾಚಿಕೆಯೇನೂ ಇಲ್ಲ. ಈ ಲೋಕದಲ್ಲಿ ಯಾರನ್ನು ಅಂತ ನಂಬುವುದು, ನೀವೇ ಹೇಳಿ?

ಶಿರಾದ ಒಂದು ಹಿತ್ತಲಿನಲ್ಲಿ, ತಾಯಿಗಿಡದ ಬುಡದಲ್ಲಿ ಮರಿಯಾಗಿ ಹುಟ್ಟಿದೆ. ಕಲ್ಲುಮಣ್ಣು, ಸುಡುಬಿಸಿಲು, ಮಳೆ ಬಂದರೆ ಬಂತು. ಹಾಯಾಗಿದ್ದೆ. ಆ ಮನೆಯ ಮಗಳು ಸುಚಿತ್ರ ಮದುವೆಯಾಗಿ ಮಂಡ್ಯಕ್ಕೆ ಹೊರಟಾಗ ನನ್ನನ್ನು ಕಿತ್ತು, ಕುಂಡದಲ್ಲಿ ನೆಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ತವರಿನಿಂದ ಅವಳು ಬಾಯಿಬಿಟ್ಟು ಕೇಳಿ ತಂದದ್ದು ನನ್ನನ್ನು ಮಾತ್ರ.

ಬಾಗಿಲಲ್ಲೇ ಅತ್ತೆ ಪುಟ್ಟಗೌರಮ್ಮ ನನ್ನನ್ನು ಕಂಡು ಮುಖ ಸಿಂಡರಿಸಿದರು.

"ಮುಳ್ಳಿನ ಗಿಡಾನ ಯಾರಾದ್ರೂ ಮನೆ ಮುಂದೆ ಮಡಗ್ತಾರೇನವ್ವ? ಜಗಳ ಹುಟ್ತದೆ."

"ಇರ್ಲಿ ಬಿಡಿ ಅತ್ತೆ. ಇದನ್ನ ನೋಡಿದ್ರೆ ನಮ್ಮಮ್ಮನ್ನ ನೋಡ್ದಂಗಾಗುತ್ತೆ," ಎಂದು ಸುಚಿತ್ರ ನನ್ನನ್ನು ತುಳಸಿಕಟ್ಟೆಯ ಪಕ್ಕದಲ್ಲೇ ಇಟ್ಟಳು.

ಅಂದಿನಿಂದ ನಾನು ಪುಟ್ಟಗೌರಮ್ಮನ ಮೇಲೆ ಒಂದು ಕಣ್ಣಿಟ್ಟೆ. ಸೊಸೆ ಒಳಗಿರುವುದನ್ನು ನೋಡಿಕೊಂಡೇ ಬರುತ್ತಿದ್ದರು. ನನ್ನ ಬುಡದ ಮಣ್ಣಿಗೆ ಬೆರಳು ತೂರಿಸುವುದು, ಆ ಬೆರಳನ್ನು ಮೂಸುವುದು, "ಹ್ಞೂಂ" ಎಂದು ಹೋಗುವುದು. ಏನು ಕಿತಾಪತಿಯೋ! ಸುಚಿತ್ರಳಾದರೋ ಬಂಗಾರದಂಥ ಹುಡುಗಿ. ದಿನಾ ಬೆಳಿಗ್ಗೆ ಮಿಂದು ತುಳಸಿಗೆ ನೀರೆರೆಯುತ್ತಿದ್ದಳು. ಚೊಂಬಿನಲ್ಲಿ ಮಿಕ್ಕ ನೀರನ್ನು ವಾಪಸ್ಸು ಒಳಗೆ ಒಯ್ಯಬಾರದಲ್ಲ, ಅದನ್ನು ನನ್ನ ಬುಡಕ್ಕೆ ಸುರಿಯುತ್ತಿದ್ದಳು. ಪ್ರೀತಿಯೆಂದರೆ ಇದು ಎಂದುಕೊಂಡು ಕುಡಿಯುತ್ತಿದ್ದೆ.

ಎರಡು ತಿಂಗಳಲ್ಲಿ ನನ್ನ ಕೆಳಗಿನ ಎಲೆಗಳು ಹಳದಿಯಾಗಿ ಮೆತ್ತಗಾದವು. ಬುಡ ನಾರತೊಡಗಿತು. ಮುದುಕಿ ಮದ್ದು ಹಾಕಿದ್ದಾಳೆ! ನನಗೆ ಅನುಮಾನವೇ ಉಳಿಯಲಿಲ್ಲ. ಸುಚಿತ್ರಳಿಗೂ ಹಾಗೇ ಅನ್ನಿಸಿರಬೇಕು, ಅತ್ತೆ ಬಡಿಸಿದ ಸಾರನ್ನೂ ಮೂಸಿ ನೋಡಿ ಉಣ್ಣತೊಡಗಿದಳು.

ಒಂದು ಮಧ್ಯಾಹ್ನ ಅವಳು ಪೇಟೆಗೆ ಹೋದದ್ದೇ ತಡ, ಪುಟ್ಟಗೌರಮ್ಮ ಚಾಕು ಹಿಡಿದು ಬಂದರು. ನನ್ನನ್ನು ಕುಂಡದಿಂದ ಕಿತ್ತು, ಬೇರುಗಳನ್ನು ಕೊಯ್ದು, ನೆರಳಿನಲ್ಲಿ ಗೋಣಿಚೀಲದ ಮೇಲೆ ಬರಿಮೈಯಲ್ಲಿ ಒಗೆದರು. ಕಥೆ ಮುಗಿಯಿತು ಎಂದುಕೊಂಡೆ. ಸಂಜೆ ಬಂದ ಸುಚಿತ್ರ ನನ್ನ ಸ್ಥಿತಿ ನೋಡಿ ಕಿರುಚಿಕೊಂಡಳು.

"ತವರಿಂದ ತಂದಿದ್ದು ಇದೊಂದೇ. ಇದನ್ನೂ ಕೊಂದ್ರಾ?"

ಪುಟ್ಟಗೌರಮ್ಮ ಗೋಣಿಚೀಲವನ್ನು ಇನ್ನಷ್ಟು ನೆರಳಿಗೆ ಎಳೆದು ಒಳಗೆ ಹೋದರು. ವಾರ ಕಳೆದ ಮೇಲೆ ಮರಳು, ಇಟ್ಟಿಗೆ ಚೂರು ಬೆರೆಸಿದ ಕುಂಡದಲ್ಲಿ ನನ್ನನ್ನು ನೆಟ್ಟು ಕಾಂಪೌಂಡಿನ ಕೊನೆಯ ಮೂಲೆಗೆ ಅಟ್ಟಿದರು. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅತ್ತೆ ಸೊಸೆಯ ನಡುವೆ ಮಾತು ನಿಂತಿತು. ನಾನೋ, ದಿನೇ ದಿನೇ ಗಟ್ಟಿಯಾಗುತ್ತಾ ಬಂದೆ. ಇದರಲ್ಲೂ ಮುದುಕಿಯ ಏನೋ ಹುನ್ನಾರ ಇರಬೇಕು ಎಂದುಕೊಂಡೆ.

ಮರುವರ್ಷ ಪುಟ್ಟಗೌರಮ್ಮ ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೊರಟರು. ಅವರ ಆಟೊ ಬೀದಿ ದಾಟುವ ಮೊದಲೇ ಸುಚಿತ್ರ ನನ್ನನ್ನು ಎತ್ತಿ ತಂದು ತುಳಸಿಯ ಪಕ್ಕ ಇಟ್ಟಳು. "ಇನ್ನು ಯಾರೂ ನಿನ್ನ ಮುಟ್ಟಲ್ಲ ಬಾ," ಎಂದಳು. ಮತ್ತೆ ದಿನವೂ ಚೊಂಬಿನ ನೀರು. ತಿಂಗಳೊಳಗೆ ನನ್ನ ಎಲೆ ಮೆತ್ತಗಾಯಿತು, ಬುಡ ನಾರಿತು.

ಸುಚಿತ್ರ ಚೊಂಬು ಹಿಡಿದುಕೊಂಡೇ ನನ್ನ ಮುಂದೆ ಕೂತಳು. ಮನೆಯಲ್ಲಿ ಅತ್ತೆ ಇರಲಿಲ್ಲ. ಗಂಡ ಗಿಡದ ತಂಟೆಗೇ ಬರುವವನಲ್ಲ. ಅವಳ ಕಣ್ಣು ಕೈಯಲ್ಲಿದ್ದ ಚೊಂಬಿನ ಮೇಲೆ ಬಿತ್ತು. ಅಲ್ಲೇ ಕೂತು ಫೋನು ಮಾಡಿದಳು.

"ಅತ್ತೆ... ಗಿಡ ಮತ್ತೆ ಕೊಳೀತಿದೆ."

"ನೀರು ಹಾಕ್ಬೇಡ. ಕಿತ್ತು ನೆಳ್ಳಲ್ಲಿ ಮಡಗು. ಬತ್ತೀನಿ."

"ನನ್ನ ನೀರಿಂದಲೇ ಅಂತ ನಿಮ್ಗೆ ಅವತ್ತೇ ಗೊತ್ತಿತ್ತಾ?"

"ಕತ್ತಾಳೆ ನಾರು ಬಿಡ್ಸಿ ಹಗ್ಗ ಹೊಸೆದ ಕೈ ಕಣವ್ವ ಇದು. ಗೊತ್ತಾಗ್ದೆ ಇರ್ತದಾ?"

"ಮತ್ಯಾಕೆ ಹೇಳ್ಲಿಲ್ಲ?"

ಆ ಕಡೆ ಎಳೆಗೂಸು ಅತ್ತಿತು, ಪುಟ್ಟಗೌರಮ್ಮ ಅದನ್ನು ಲೊಚಗುಟ್ಟಿ ಸಮಾಧಾನ ಮಾಡಿದರು.

"ಹೇಳಿದ್ರೆ ನಂಬ್ತಿದ್ಯಾ ಮಗಾ?"

ಸುಚಿತ್ರ ಗಳಗಳನೆ ಅತ್ತುಬಿಟ್ಟಳು.

ಈಗ ನನಗೆ ವಯಸ್ಸಾಗಿದೆ. ಕಾಂಪೌಂಡಿನ ಮೂಲೆಯಲ್ಲಿ ಆರು ಮರಿಗಳನ್ನು ಸುತ್ತ ಕೂರಿಸಿಕೊಂಡು ಬಿಸಿಲು ಕಾಯುತ್ತಿದ್ದೇನೆ. ಅತ್ತೆ ಸೊಸೆ ಇಬ್ಬರೂ ಸಂಜೆ ಹೊತ್ತು ಇಲ್ಲೇ ಕಲ್ಲಿನ ಮೇಲೆ ಕೂತು ಅವರಿವರ ಮಾತಾಡುತ್ತಾರೆ. ಅವರನ್ನು ನೋಡುತ್ತಾ ಆ ಪ್ರಶ್ನೆಯನ್ನು ನಾನು ಎಷ್ಟೋ ಸಲ ನನಗೇ ಕೇಳಿಕೊಂಡಿದ್ದೇನೆ. ಪುಟ್ಟಗೌರಮ್ಮ ಅವತ್ತೇ ಹೇಳಿದ್ದರೆ ಸುಚಿತ್ರ ನಂಬುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ನಾನಂತೂ ನಂಬುತ್ತಿರಲಿಲ್ಲ.