ಅಕ್ಕನ ಕಾರಿನ ತೆರಿಗೆ, ಟೇಪಣ್ಣನ ಅಳತೆ

ಟೇಪಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು. ಕತ್ತಿಗೆ ಅಳತೆಯ ಟೇಪು ಹಾಕಿಕೊಂಡೇ ಚಹಾ ಕುಡಿಯುವ, ಒಂದು ಸಲ ಮದುವೆಮನೆಗೂ ಹಾಗೇ ಹೋಗಿ ಬಂದ ದರ್ಜಿಗೆ ಬೀದಿಯ ಜನ ಇನ್ನೇನು ಹೆಸರಿಟ್ಟಾರು?

ಕಸುಬಿನಲ್ಲಿ ಅವನಿಗೆ ಒಂದೇ ವೇದವಾಕ್ಯ: ಅಳತೆ ಎಷ್ಟೇ ಬರಲಿ, ಒಳಗೆ ಎರಡಿಂಚು ಬಟ್ಟೆ ಬಿಡು. ಬಿಗಿಯಾದರೆ ಬಿಚ್ಚಬಹುದು, ಸಡಿಲವಾದರೆ ಹಿಡಿಯಬಹುದು, ಕಡಿಮೆ ಅಳತೆಗೆ ಕತ್ತರಿಸಿದ ಮೇಲೆ ಬ್ರಹ್ಮ ಬಂದರೂ ಬಟ್ಟೆ ಬೆಳೆಯುವುದಿಲ್ಲ. ಪ್ಯಾಂಟಿನ ಮಟ್ಟಿಗೆ ಇದು ಒಳ್ಳೆಯ ಬುದ್ಧಿಯೇ. ಆದರೆ ಈ ಮಹಾರಾಯ ಅದನ್ನು ಪ್ಯಾಂಟಿಗೆ ಮಾತ್ರ ಇಟ್ಟುಕೊಂಡವನಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಮೂರಕ್ಕೇ ಹೋಗಿ ನಿಲ್ಲುತ್ತಿದ್ದ. ಇಬ್ಬರು ಊಟಕ್ಕೆ ಬರುತ್ತಾರೆಂದರೆ ಹೆಂಡತಿಗೆ ನಾಲ್ವರೆಂದು ಹೇಳುತ್ತಿದ್ದ. ಜ್ವರ ಎಷ್ಟಿತ್ತೆಂದು ಡಾಕ್ಟರು ಕೇಳಿದಾಗ ಒಂದು ಡಿಗ್ರಿ ಸೇರಿಸಿ ಹೇಳಿ, ಒಮ್ಮೆ ಮೂರು ದಿನ ಆಸ್ಪತ್ರೆಯ ಮಂಚದ ಮೇಲೆ ಸುಮ್ಮನೆ ಮಲಗಿದ್ದೂ ಉಂಟು.

ಇಂಥವನ ಮನೆಗೆ ಅವನ ಅಕ್ಕ ಇಪ್ಪತ್ತು ವರ್ಷದ ಮೇಲೆ ವಾಪಸು ಬಂದಳು. ಸಮುದ್ರದಾಚೆಯ ದೇಶದಲ್ಲಿ ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಅಲ್ಲೇ ಆದ ಒಂದು ಅಪಘಾತದಲ್ಲಿ ಎರಡೂ ಕಾಲಿನ ಬಲ ಹೋಗಿತ್ತು. ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು, ಅಷ್ಟೆ. ಆದರೆ ಕಾರಿನಲ್ಲಿ ಕೂತಳೋ, ಅವಳನ್ನು ಹಿಡಿಯುವವರೇ ಇರಲಿಲ್ಲವಂತೆ. ಬ್ರೇಕು, ವೇಗ ಎಲ್ಲವೂ ಕೈಯಲ್ಲೇ ನಡೆಯುವ ಹಾಗೆ ಸ್ಟೀರಿಂಗಿನ ಪಕ್ಕ ಒಂದು ಸನ್ನೆಕೋಲು ಕೂರಿಸಿದ ಪುಟ್ಟ ನೀಲಿ ಕಾರು. ಹಳೆಯದನ್ನೇ ಕೊಂಡಿದ್ದಳು. ಆ ಕಾರನ್ನೂ ಹಡಗಿಗೆ ಹಾಕಿಸಿಕೊಂಡು ಬಂದಿದ್ದಳು.

ಟೇಪಣ್ಣನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಮ್ಮ ಹೋದಾಗ ಅವನಿಗೆ ಎಂಟು ವರ್ಷ, ಅಕ್ಕನಿಗೆ ಹದಿನೇಳು. ಅವನನ್ನು ಬೆಳೆಸಿದವಳು ಅವಳೇ, ಮೊದಲ ಹೊಲಿಗೆ ಯಂತ್ರ ಕೊಡಿಸಿದವಳೂ ಅವಳೇ. ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಬಟ್ಟೆಯ ಗಂಟುಗಳನ್ನೆಲ್ಲ ಅಟ್ಟಕ್ಕೇರಿಸಿ ಅವಳಿಗೆ ಮಂಚ ಹಾಕಿಸಿದ. ಇಷ್ಟೆಲ್ಲ ಮಾಡಿದವನು ‘ಅಕ್ಕ, ಇಲ್ಲೇ ಇದ್ದುಬಿಡು’ ಎಂದು ಒಂದು ಮಾತು ಮಾತ್ರ ಆಡಲಿಲ್ಲ. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾರೆಯೇ ಎಂಬುದು ಅವನ ಲೆಕ್ಕ.

ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಅಕ್ಕನಿಗೆ ಕೆಲಸವೂ ಸಿಕ್ಕಿತು. ಬಸ್ಸಿನ ಮೆಟ್ಟಿಲು ಅವಳ ಕೈಲಿ ಹತ್ತಲಾಗುವುದಿಲ್ಲ. ಕಾರು ಇದ್ದರೆ ಕೆಲಸ, ಕೆಲಸ ಇದ್ದರೆ ಅವಳು ಇಲ್ಲಿ. ಇಲ್ಲದಿದ್ದರೆ ವಾಪಸು ಆ ದೇಶಕ್ಕೇ. ಹಳೆಯ ಆಸ್ಪತ್ರೆಯವರು ಅವಳ ಜಾಗವನ್ನು ಎರಡು ತಿಂಗಳು ಖಾಲಿ ಇಟ್ಟಿರುತ್ತೇವೆ ಅಂದಿದ್ದರು. ತಮ್ಮನ ಮನೆಯಲ್ಲಿ ಕಿಟಕಿ ನೋಡುತ್ತ ಕೂರುವ ಹೆಂಗಸಲ್ಲ ಅವಳು. ಅದು ಟೇಪಣ್ಣನಿಗೂ ಗೊತ್ತಿತ್ತು.

ಕಾರು ಬಂದರಿನ ಯಾರ್ಡಿನಲ್ಲಿ ನಿಂತಿತ್ತು. ಹೊರದೇಶದ ಗಾಡಿಗೆ ಇಲ್ಲಿಯ ನಂಬರು ಬೇಕಾದರೆ ನೋಂದಣಿ ತೆರಿಗೆ ಕಟ್ಟಬೇಕು. ಹಡಗು ಇಳಿದ ಮೂವತ್ತು ದಿನದೊಳಗೆ ಕಟ್ಟದಿದ್ದರೆ ಬಂದ ಹಾದಿಯಲ್ಲೇ ವಾಪಸು. ಅರ್ಜಿಯಲ್ಲಿ ಮುಖ್ಯವಾದ ಖಾನೆಗಳು ಮೂರೇ ಮೂರು. ಹೊಸದಿದ್ದಾಗ ಗಾಡಿಯ ಬೆಲೆ ಎಷ್ಟು, ರಸ್ತೆಗಿಳಿದು ಎಷ್ಟು ವರ್ಷವಾಯಿತು, ಒಂದು ಕಿಲೋಮೀಟರಿಗೆ ಎಷ್ಟು ಗ್ರಾಂ ಹೊಗೆ ಬಿಡುತ್ತದೆ. ಬೆಲೆ ಹೆಚ್ಚಾದರೆ ತೆರಿಗೆ ಹೆಚ್ಚು, ವಯಸ್ಸು ಹೆಚ್ಚಾದರೆ ಕಡಿಮೆ, ಹೊಗೆ ನೂರಿಪ್ಪತ್ತು ದಾಟಿದರೆ ಎರಡರಷ್ಟು. ಅಕ್ಕ ತಾನೇ ತುಂಬುತ್ತೇನೆಂದು ಪೆನ್ನು ತೆಗೆದಳು. ನಿನ್ನ ಅಕ್ಷರ ಡಾಕ್ಟರಿಗೂ ಓದಲಾಗದು, ನಾನಿದ್ದೀನಲ್ಲ ಎಂದು ಟೇಪಣ್ಣ ಅದನ್ನು ಕಸಿದುಕೊಂಡ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾರಿನ ಪುಸ್ತಕ ಹರಡಿಕೊಂಡು ಕೂತ. ಬೆಲೆ ಹದಿನೆಂಟು ಸಾವಿರದ ನಾನೂರು ಎಂದಿತ್ತು. ಸನ್ನೆಕೋಲು ಕೂರಿಸಿದ್ದಕ್ಕೆ ಬೇರೆ ಸಾವಿರದ ಆರುನೂರರ ರಸೀದಿ ಇತ್ತಲ್ಲ, ಅದನ್ನು ಬಚ್ಚಿಟ್ಟರು ಅನ್ನಿಸಿಕೊಳ್ಳುವುದೇಕೆ ಎಂದು ಸೇರಿಸಿ ಇಪ್ಪತ್ತು ಸಾವಿರ ಬರೆದ. ವಯಸ್ಸು ಏಳು ವರ್ಷ ಎರಡು ತಿಂಗಳು. ತೆರಿಗೆ ಉಳಿಸಲು ಗಾಡಿಯನ್ನು ಮುದಿ ಮಾಡಿ ತೋರಿಸುವವರೇ ಹೆಚ್ಚೆಂದು ಕೇಳಿದ್ದ, ಹಾಗಾಗಿ ಕೊಂಚ ಎಳೆಯದಾಗಿಯೇ ಇರಲಿ ಎಂದು ಆರೂವರೆ ಬರೆದ. ಹೊಗೆ ನೂರ ಹದಿನೆಂಟು. ಹಳೇ ಗಾಡಿ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ನಾಲ್ಕು ಉಸಿರು ಹೆಚ್ಚೇ ಬಿಟ್ಟೀತು ಎಂದು ನೂರ ಇಪ್ಪತ್ತೈದು ಮಾಡಿದ. ಹೆಚ್ಚು ಹೇಳಿದರೆ ಕಚೇರಿಯವರು ನೋಡಿ ಇಳಿಸುತ್ತಾರೆ, ಕಡಿಮೆ ಹೇಳಿದರೆ ಕಳ್ಳರೆನ್ನುತ್ತಾರೆ. ಮುತ್ತಿನಂಥ ಅಕ್ಷರದ ಅರ್ಜಿಯನ್ನು ಅಕ್ಕನ ಮುಂದೆ ಹಿಡಿದ. ಅವಳು ಕನ್ನಡಕ ಏರಿಸಿ ಓದಿದಳು, ತಲೆಯೆತ್ತಿ ಅವನ ಮುಖ ನೋಡಿದಳು, ಏನೂ ಹೇಳದೆ ಸಹಿ ಹಾಕಿದಳು.

ಇಪ್ಪತ್ತೈದನೆಯ ದಿನ ತೆರಿಗೆಯ ಚೀಟಿ ಬಂತು. ಮೂರು ಸಾವಿರ.

ಅಕ್ಕ ಆ ಕಾರನ್ನು ಕೊಂಡದ್ದೇ ಎರಡು ಸಾವಿರದ ಆರುನೂರಕ್ಕೆ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ತೆರಿಗೆಗೆಂದು ಅವಳು ತೆಗೆದಿಟ್ಟಿದ್ದು ಒಂಬೈನೂರು. ಟೇಪಣ್ಣ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಎರಡು ದಿನ ಅಂಗಡಿಗೆ ಬಂದವರ ಮುಂದೆಲ್ಲ ಇಲಾಖೆಗೆ ಸಹಸ್ರನಾಮ ಮಾಡಿದ. ಬೆರಳು ಕೊಟ್ಟರೆ ಹಸ್ತ ನುಂಗುವವರು, ಕಾಲಿಲ್ಲದವಳ ಹೊಟ್ಟೆ ಮೇಲೆ ಹೊಡೆಯುವವರು ಎಂದ. ತಾನು ಬಿಟ್ಟ ಬಟ್ಟೆಯ ನೆನಪು ಅವನಿಗೆ ಎಳ್ಳಷ್ಟೂ ಬರಲಿಲ್ಲ. ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಯಂತ್ರ ಅಡ ಇಟ್ಟಾದರೂ ಕಟ್ಟೋಣ ಎಂದು ಹೆಂಡತಿಯೊಡನೆ ಗುಸುಗುಸು ನಡೆಸಿದ. ಅಕ್ಕ ಮಾತ್ರ ಸಿಟ್ಟಾಗಲೂ ಇಲ್ಲ, ಅಳಲೂ ಇಲ್ಲ. ಊಟದ ಹೊತ್ತಿಗೆ ತಣ್ಣಗೆ ಹೇಳಿದಳು.

“ಕಾರು ವಾಪಸ್ ಹೋಗ್ಲಿ ಬಿಡು. ಅದರ ಹಿಂದೆ ನಾನೂ ಹೊರಡ್ತೀನಿ. ಅಲ್ಲಿಯವರಿಗೆ ಕಾಗದ ಬರೆದಿದ್ದೀನಿ.”

ಟೇಪಣ್ಣನ ಕೈಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ಬೇಗ ಕೈಚೆಲ್ಲುವ ಹೆಂಗಸಾಗಿರಲಿಲ್ಲ ಅವಳು. ಆ ದೇಶದ ಮೇಲೇ ಅವಳಿಗೆ ಮನಸ್ಸು ಎಂದುಕೊಂಡು ಒಳಗೊಳಗೇ ನೊಂದ. ನೊಂದದ್ದನ್ನೂ ಹೇಳಲಿಲ್ಲ.

ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಕಾರಿನ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು, ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದ ಹೊಂದಿಸಿಕೊಂಡು ಕಚೇರಿಗೆ ಹೋದ. ಕಚೇರಿ ತೆರೆಯುವುದು ಹತ್ತಕ್ಕೆ. ಅವನು ಎಂಟೂವರೆಗೇ ಬಾಗಿಲಲ್ಲಿದ್ದ. ನಾಲ್ಕನೆಯ ಕೌಂಟರಿನಲ್ಲಿ ಕೂತಿದ್ದವಳು ನಡುವಯಸ್ಸಿನ ಗುಮಾಸ್ತೆ, ಕೈಯಲ್ಲಿ ಪೆನ್ಸಿಲು. ಅವಳು ಅವನ ಭಾಷಣ ಮುಗಿಯುವವರೆಗೂ ಕಾದಳು. ಮುಗಿದ ಮೇಲೆ ಪುಸ್ತಕ ಕೇಳಿ ಇಸಿದುಕೊಂಡು ಅರ್ಜಿಯ ಪಕ್ಕ ಇಟ್ಟಳು. ಪೆನ್ಸಿಲಿನ ತುದಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿತು.

“ಇದರಲ್ಲಿ ನೂರ ಹದಿನೆಂಟು ಇದೆ. ನೀವು ನೂರ ಇಪ್ಪತ್ತೈದು ಬರೆದಿದ್ದೀರಿ. ಯಾಕೆ?”

“ಅದು... ಸ್ವಲ್ಪ ಬಿಟ್ಟೆ,” ಎಂದ ಟೇಪಣ್ಣ.

“ಏನು ಬಿಟ್ರಿ?”

ಟೇಪಣ್ಣ ಬಾಯಿ ತೆರೆದ. ಆ ಕ್ಷಣಕ್ಕೆ ಅವನಿಗೆ ತಾನು ಮಾಡಿದ್ದು ಕಣ್ಣಿಗೆ ಕಟ್ಟಿತು. ಕಿವಿಯ ತುದಿಯವರೆಗೂ ಬಿಸಿಯಾಯಿತು. ಕತ್ತಿನಲ್ಲಿದ್ದ ಟೇಪಿನ ತುದಿಯನ್ನು ಹಿಡಿದು ತೋರಿಸಿದ. ಗುಮಾಸ್ತೆ ಟೇಪನ್ನು ನೋಡಿದಳು, ಅರ್ಜಿಯನ್ನು ನೋಡಿದಳು, ಪಕ್ಕದ ಕೌಂಟರಿನವನನ್ನು ಕರೆದು ಅವನಿಗೂ ತೋರಿಸಿದಳು. ಇಬ್ಬರೂ ನಗು ತಡೆದುಕೊಳ್ಳಲು ಪಟ್ಟ ಪಾಡು ಟೇಪಣ್ಣನಿಗೆ ಚೆನ್ನಾಗಿಯೇ ಕಾಣಿಸಿತು.

“ನೋಡಿ, ಕಡಿಮೆ ಬರೆದವರನ್ನ ಹಿಡಿಯೋಕೆ ಇಲ್ಲಿ ಮೂರು ಜನ ಇದ್ದೀವಿ. ಜಾಸ್ತಿ ಬರೆದವರನ್ನ ಹಿಡಿಯೋಕೆ ಯಾರೂ ಇಲ್ಲ. ಇಷ್ಟು ವರ್ಷದಲ್ಲಿ ಅದು ಬೇಕೇ ಆಗಿರಲಿಲ್ಲ,” ಎಂದಳು ಅವಳು.

ಆಮೇಲೆ ಹೊಸ ಹಾಳೆ ತೆಗೆದು ಅವನ ಎದುರಿಗೇ ಲೆಕ್ಕ ಹಾಕಿದಳು. ಕಾಲಿಲ್ಲದವರು ಓಡಿಸಲು ಕೂರಿಸಿದ ಸಲಕರಣೆಗೆ ತೆರಿಗೆಯೇ ಇಲ್ಲ, ಆ ಸಾವಿರದ ಆರುನೂರು ಹೋಯಿತು. ಏಳು ವರ್ಷ ತುಂಬಿದ ಗಾಡಿಗೆ ಬೆಲೆಯಲ್ಲಿ ನೂರಕ್ಕೆ ಎಪ್ಪತ್ತು ಕಳೆಯುತ್ತಾರೆ, ಆರೂವರೆ ಎಂದು ಬರೆದದ್ದಕ್ಕೆ ಐವತ್ತೇ ಕಳೆದಿದ್ದರು. ಹೊಗೆ ನೂರಿಪ್ಪತ್ತರ ಒಳಗಿದ್ದರೆ ನೂರಕ್ಕೆ ಹದಿನೈದು, ದಾಟಿದರೆ ಮೂವತ್ತು. ಕೂಡಿಸಿ ಕಳೆದು ಕೊನೆಗೆ ಅಡಿಗೆರೆ ಎಳೆದಳು. ಎಂಟುನೂರ ಇಪ್ಪತ್ತೆಂಟು. ಅವನಿಗೆ ನಂಬಿಕೆ ಬರಲೆಂದು ಇನ್ನೊಂದು ಸಲವೂ ಹಾಕಿ ತೋರಿಸಿದಳು. ನಾಳೆ ಗಾಡಿಯ ಒಡತಿಯನ್ನು ಕರೆದುಕೊಂಡು ಬನ್ನಿ, ಹೊಸ ಅರ್ಜಿಯನ್ನು ಅವರೇ ತುಂಬಲಿ, ನೀವು ಪೆನ್ನು ಮುಟ್ಟಬೇಡಿ ಎಂದು ಹೇಳಿ ಕಳಿಸಿದಳು.

ಹೋದ ಜೀವ ಬಂದಂತಾಗಿ ಟೇಪಣ್ಣ ಮೆಟ್ಟಿಲಿಳಿದ. ತನ್ನ ದಡ್ಡತನಕ್ಕೆ ನಾಚಿಕೆಯೂ ಆಗುತ್ತಿತ್ತು, ನಗುವೂ ಬರುತ್ತಿತ್ತು. ಬಸ್ಸಿಗೂ ಕಾಯದೆ ಅರ್ಧ ದಾರಿ ನಡೆದೇ ಬಂದ.

ಮನೆಯಲ್ಲಿ ಹೆಂಡತಿಗೆ ವಿಷಯ ಹೇಳಿದಾಗ ಅವಳು ಗುಂಡಿ ಹಚ್ಚುತ್ತಿದ್ದ ಅಂಗಿಯನ್ನು ಪಕ್ಕಕ್ಕಿಟ್ಟು, ಮದುವೆಯಾದ ದಿನದಿಂದ ಈ ಬಗ್ಗೆ ಕೂಡಿಟ್ಟುಕೊಂಡದ್ದನ್ನೆಲ್ಲ ಬಡ್ಡಿ ಸಮೇತ ಆಡಿ ಮುಗಿಸಿದಳು. ಅವನು ಎದುರಾಡಲಿಲ್ಲ. ಅಕ್ಕನೂ ಬೈಯುತ್ತಾಳೆ, ಆಮೇಲೆ ನಗುತ್ತಾಳೆ ಎಂದುಕೊಂಡು ಹಿಂದಿನ ಕೋಣೆಗೆ ಹೋದ. ಅಕ್ಕ ಹೊಸ ಲೆಕ್ಕದ ಹಾಳೆಯನ್ನು ತೆಗೆದುಕೊಂಡು ಓದಿದಳು. ಬೈಯಲೂ ಇಲ್ಲ, ನಗಲೂ ಇಲ್ಲ. “ಬಟ್ಟೆ ಬಿಟ್ಟೆಯಾ?” ಎಂದು ಒಂದೇ ಒಂದು ಮಾತು ಕೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಟೇಪಣ್ಣನ ಸಂತೋಷದ ಮೇಲೆ ತಣ್ಣೀರು ಬಿತ್ತು.

ಮಾರನೆಯ ದಿನ ಎಲ್ಲವೂ ಸಲೀಸಾಗಿ ನಡೆಯಿತು. ಅಕ್ಕ ತನ್ನ ಕೋಳಿಕಾಲಿನ ಅಕ್ಷರದಲ್ಲೇ ಅರ್ಜಿ ತುಂಬಿದಳು, ಹಣ ಕಟ್ಟಿದಳು, ಠಪ್ ಠಪ್ ಎಂದು ಮುದ್ರೆ ಬಿತ್ತು. ಯಾರ್ಡಿನವನು ಹೊಸ ನಂಬರಿನ ಫಲಕವನ್ನು ಸ್ಕ್ರೂ ಹಾಕಿ ಬಿಗಿದ. ಧೂಳು ಹಿಡಿದಿದ್ದ ನೀಲಿ ಕಾರಿನ ಬಾಗಿಲು ತೆಗೆದು ಅಕ್ಕ ಊರುಗೋಲುಗಳನ್ನು ಹಿಂದಿನ ಸೀಟಿಗೆ ಎಸೆದಳು. ಸ್ಟೀರಿಂಗ್ ಹಿಡಿದದ್ದೇ ಅವಳ ಬೆನ್ನು ನೆಟ್ಟಗಾಯಿತು. ಟೇಪಣ್ಣ ಪಕ್ಕದಲ್ಲಿ ಕೂತ. ಇಪ್ಪತ್ತು ವರ್ಷ ಕೇಳಿಯಷ್ಟೇ ಗೊತ್ತಿದ್ದ ಅಕ್ಕನ ಡ್ರೈವಿಂಗು ಈಗ ನೋಡಲು ಸಿಗುತ್ತದೆಂದು ಕಾದ.

ಅವಳು ಗಾಡಿ ಹೊರಡಿಸಲಿಲ್ಲ. ಗೇಟಿನ ಕಡೆಗೇ ನೋಡುತ್ತ ಮಾತಾಡಿದಳು.

“ಆ ಅರ್ಜಿಗೆ ಸಹಿ ಹಾಕುವಾಗಲೇ ನೋಡಿದ್ದೆ. ಈ ಕಾರಿನ ಲೆಕ್ಕ ನನಗೆ ಬಾಯಿಪಾಠ.”

“ನೋಡಿದ್ಯಾ? ಮತ್ತೆ ಯಾಕೆ ಹೇಳಲಿಲ್ಲ?”

“ಒಂದು ಕಡೆ ತಪ್ಪಿದ್ರೆ ತಪ್ಪು ಅಂದುಕೊಳ್ತಿದ್ದೆ. ಮೂರೂ ಕಡೆ ಒಂದೇ ದಿಕ್ಕಿಗೆ ತಪ್ಪಿತ್ತು. ಪ್ರಯೋಗಾಲಯದಲ್ಲಿ ಹಾಗೆ ಬಂದ್ರೆ ಅದನ್ನ ತಪ್ಪು ಅನ್ನಲ್ಲ ನಾವು, ಯಾರೋ ಬೇಕು ಅಂತ ಮಾಡಿದ್ದಾರೆ ಅಂತೀವಿ.” ಅವಳ ದನಿ ಸಣ್ಣದಾಯಿತು. “ನಾನು ಇಲ್ಲಿರೋದು ನಿನಗೆ ಭಾರ ಆಗಿದೆ, ಬಾಯಲ್ಲಿ ಹೇಳೋಕಾಗದೆ ಅಂಕಿಯಲ್ಲಿ ಬರೆದಿದ್ದಾನೆ ಅಂದುಕೊಂಡೆ.”

ಟೇಪಣ್ಣನಿಗೆ ಎದೆಗೆ ಒದ್ದ ಹಾಗಾಯಿತು. ಈ ಹೆಂಗಸು ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತನ್ನ ಮನೆಯ ಅನ್ನ ಉಂಡಿದ್ದಾಳೆ, ಆ ಹಿಂದಿನ ಕೋಣೆಯಲ್ಲೇ ಕೂತು ಕಾಗದ ಬರೆದಿದ್ದಾಳೆ. ತಾನೋ ಅವಳಿಗೆ ಆ ದೇಶವೇ ಹೆಚ್ಚಾಯಿತೆಂದು ಮುಖ ಊದಿಸಿಕೊಂಡು ತಿರುಗಿದ್ದೇನೆ.

“ನೀನು ನನ್ನ ಕೇಳಬಾರದಿತ್ತಾ ಅಕ್ಕ?”

“ಕೇಳಿದ್ರೆ ಇಲ್ಲ ಅಂತಿದ್ದೆ ನೀನು. ನಾನು ಬೇಡ ಅನ್ನಿಸಿದ್ರೂ ಇಲ್ಲ ಅಂತಲೇ ಅಂತಿದ್ದೆ. ನಿನ್ನನ್ನ ಬೆಳೆಸಿದವಳು ನಾನು, ಅಷ್ಟೂ ಗೊತ್ತಿಲ್ವಾ?” ಅವಳು ಈಗ ಅವನ ಕಡೆ ತಿರುಗಿದಳು, ಕಣ್ಣು ತುಂಬಿತ್ತು. “ನೀನೇ ಒಂದು ಸಲ ಹೇಳಬಹುದಿತ್ತಲ್ಲೋ.”

ಹಿಂದೆ ನಿಂತಿದ್ದ ಲಾರಿಯವನು ಹಾರ್ನ್ ಹೊಡೆದ. ಗೇಟಿನವನು ಕೈಬೀಸಿ ಬೇಗ ಹೊರಡಿ ಎಂದು ಕೂಗಿದ. ಟೇಪಣ್ಣ ಎರಡು ಸಲ ಕೆಮ್ಮಿದ. ಸೇರಿಸಲು ಏನೂ ಹೊಳೆಯಲಿಲ್ಲ, ಬಳಸಿ ಹೇಳಲು ದಾರಿಯೂ ಇರಲಿಲ್ಲ.

“ಹೋಗಬೇಡ,” ಎಂದ. “ನನ್ನ ಹತ್ರಾನೇ ಇರು.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಲಾರಿಯವನು ಇನ್ನೊಮ್ಮೆ ಹಾರ್ನ್ ಹೊಡೆದ. “ಇರ್ತೀನಿ ಬಿಡಪ್ಪ, ಆ ಲಾರಿ ಪುಣ್ಯಾತ್ಮನಿಗೂ ಹೇಳು,” ಎಂದು ಅವಳು ಸನ್ನೆಕೋಲನ್ನು ಒತ್ತಿದಳು. ಕಾರು ಗೇಟು ದಾಟಿ ರಸ್ತೆಗಿಳಿಯಿತು.