ಇಲ್ಲದ ಖಾನೆ

"ನನ್ನ ಗಂಡ ಯಾವ ಪಾಳಿಗಿ ಬಂದಾನ್ರಿ?"

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತ ಹೆಂಗಸಿಗೆ ಏದುಸಿರು. ರಾವೂರಿನ ಹಣಮಮ್ಮ. ಸೀರೆಯ ನೆರಿಗೆಗೆ ಹೊಲದ ಮಣ್ಣು ಮೆತ್ತಿತ್ತು.

"ಯಾರವ್ವಾ ನಿನ್ನ ಗಂಡ?" ಯಂತ್ರದ ಮುಂದಿದ್ದ ಗುಮಾಸ್ತೆ ಶರಣಬಸಮ್ಮ ಕೇಳಿದಳು.

"ಪೀರಪ್ಪ. ನಿಮ್ಮ ಕಾರ್ಖಾನಿ ಕಲ್ಲಿನ ಗಣಿಯಾಗ ಇದ್ದ. ಎಂಟು ವರ್ಷ ಆತು, ಪಾಳಿಗಿ ಹೋದಾಂವ ಮನಿಗಿ ಬಂದಿಲ್ಲ. ಇವತ್ತ ಗೇಟಿಗಿ ಪಟ್ಟಿ ಹಚ್ಚೀರಿ, ಪೀರಪ್ಪ ಹಾಜರ್ ಅಂತ. ನಮ್ಮೂರ ಅಂಬಾರಾಯ ಓದಿ ಹೇಳ್ದ."

ವಾಡಿಯ ಆ ಸಿಮೆಂಟ್ ಕಾರ್ಖಾನೆಗೆ ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು. ಹಳೆಯ ರಿಜಿಸ್ಟರ್ ನೋಡಿ ಪ್ರತಿ ಕಾರ್ಮಿಕನಿಗೂ ನಾಲ್ಕು ಖಾನೆ ತುಂಬಿದವಳು ಅವಳೇ: ಹೆಸರು, ವಿಭಾಗ, ಊರು, ಸ್ಥಿತಿ. ಆದರೆ ನಲವತ್ಮೂರು ಜನರ ದಾಖಲೆಯಲ್ಲಿ 'ಸ್ಥಿತಿ' ಎಂಬ ಖಾನೆಯೇ ಇರಲಿಲ್ಲ. ಅಂಥ ಹೆಸರು ಬಂದಾಗೆಲ್ಲ ಪ್ರೋಗ್ರಾಮ್ ನಿಂತುಬಿಡುತ್ತಿತ್ತು. ನಿನ್ನೆ ಅವಳು ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದ್ದಳು: ಖಾನೆ ಇದ್ದರೆ ಮುಟ್ಟಬೇಡ, ಇಲ್ಲದಿದ್ದರೆ ಹೊಸದಾಗಿ ಮಾಡಿ 'ಹಾಜರ್' ಎಂದು ತುಂಬು. ಪಟ್ಟಿ ಸರಾಗವಾಗಿ ಹೊರಬಂದಿತ್ತು. ಸಾಹೇಬರು ಭೇಷ್ ಎಂದಿದ್ದರು.

ಅವಳು ರಿಜಿಸ್ಟರ್ ಎಳೆದು ತೆಗೆದಳು. ಪೀರಪ್ಪನ ಪುಟದ ಅಂಚಿನಲ್ಲಿ ಪೆನ್ಸಿಲಿನ ಅಕ್ಷರ: ೧೯೭೯ರಿಂದ ಪತ್ತೆ ಇಲ್ಲ. ಹಾಜರ್, ರಜೆ ಯಾವುದಕ್ಕೂ ಅದು ಹೊಂದದೆಂದು 'ಸ್ಥಿತಿ' ಖಾನೆಯನ್ನು ತಾನೇ ಬಿಟ್ಟದ್ದು ನೆನಪಾಯಿತು.

"ಅವ್ವಾ, ಅವ್ರು ಬಂದಿಲ್ಲ. ಅದು... ನಾನೇ ತುಂಬೀನಿ."

ಹಣಮಮ್ಮ ಗೋಡೆ ಹಿಡಿದು ಹಾಗೇ ಕುಸಿದು ಕೂತಳು.

"ಗೊತ್ತಿಲ್ದೇ ಹೆಂಗ ತುಂಬಿದಿ, ತಂಗಿ?"

ಶರಣಬಸಮ್ಮ ಯಂತ್ರದ ಮುಂದೆ ಕೂತು 'ಹಾಜರ್' ಅಳಿಸಿದಳು. ಬರಿದಾಗಿ ಬಿಟ್ಟರೆ ಅದು ಒಪ್ಪುತ್ತಿರಲಿಲ್ಲ.

"ಏನಂತ ಬರೀಲಿ?"

"ಸತ್ತಾನ ಅಂತ ಬರೀಬ್ಯಾಡ. ಸತ್ತದ್ದು ಯಾರು ನೋಡ್ಯಾರ?"

'ಗೊತ್ತಿಲ್ಲ' ಎಂದು ಬರೆದಳು. ಅಷ್ಟರಲ್ಲಿ ಪಾಳಿ ಬಿಡುವ ಸೈರನ್ ಕೂಗಿತು. ಹಣಮಮ್ಮ ತಟ್ಟನೆ ಎದ್ದಳು.

"ಮಗಳಿಗಿ ಹೇಳಿ ಬಂದೀನಿ, ನಿಮ್ಮಪ್ಪ ಬಂದಾನಂತ!"

ಇಬ್ಬರೂ ಗೇಟಿಗೆ ಓಡಿದರು. ಸಿಮೆಂಟಿನ ಧೂಳು ಮೆತ್ತಿದ ಗಂಡಸರು ಸಾಲುಸಾಲಾಗಿ ಹೊರಬರುತ್ತಿದ್ದರು. ಎದುರಿಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯ ಒಂದು ಹುಡುಗಿ, ಹಾದುಹೋಗುವ ಒಬ್ಬೊಬ್ಬರ ಮುಖವನ್ನೂ ಕತ್ತೆತ್ತಿ ನೋಡುತ್ತಿದ್ದಳು.