ಯಾವ ದೇಶದ ಬಾವುಟ

ಹೋದ ವರ್ಷ ಗಡಿಯಾಚೆಯ ದೇಶದ ಜಲಪಾತ ನೋಡಲು ಹೊರಟಿದ್ದ ಅಮ್ಮನ ಚೀಲವನ್ನು ತಪಾಸಣೆಯ ಅಧಿಕಾರಿ ಎಲ್ಲರೆದುರು ಮೇಜಿನ ಮೇಲೆ ಸುರುವಿದ್ದ. ತೇಪೆ ಹಾಕಿದ ಅವಳ ಒಳಲಂಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಜ್ಜಿ, ಇದು ಯಾವ ದೇಶದ ಬಾವುಟ?" ಎಂದಿದ್ದ. ಸಾಲೆಲ್ಲ ನಕ್ಕಿತ್ತು. ಅಮ್ಮ ಅಲ್ಲಿಂದಲೇ ಹಿಂದಿರುಗಿದಳು. ಆಮೇಲೆ ಬೀದಿಯ ನಲ್ಲಿಗೆ ಹೋಗುವುದನ್ನೂ ಬಿಟ್ಟಳು.

ಹೊಲಿಗೆಯವಳಾದ ಮಗಳ ಹೊಟ್ಟೆಯಲ್ಲಿ ಆ ನಗು ಕೆಂಡವಾಗಿ ಕೂತಿತ್ತು. ಈ ವರ್ಷ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಒಲ್ಲೆನೆಂದ ಅಮ್ಮನನ್ನೂ ಎಳೆದುಕೊಂಡು ಅದೇ ಪ್ರವಾಸದ ಬಸ್ಸು ಹತ್ತಿದಳು. ಅದೇ ಮೇಜು, ಅದೇ ಅಧಿಕಾರಿ. ಮಗಳ ಚೀಲ ತೆರೆದರೆ ಬರೀ ತೇಪೆಯ ಲಂಗಗಳು. ಮುಂದಿನವಳ ಚೀಲದಲ್ಲೂ ಅವೇ.

"ಎತ್ತಿ ಹಿಡೀರಿ ಸಾರ್, ಹಿಂದಿನವರಿಗೂ ಕಾಣಲಿ. ಬಾವುಟ ಅಂದ್ರೆ ನಿಮಗೆ ಪ್ರಾಣ ಅಲ್ವಾ?" ಎಂದಳು ಮಗಳು.

"ಸೆಲ್ಯೂಟ್ ಹೊಡಿಯಪ್ಪಾ!" ಎಂದು ಹಿಂದಿನಿಂದ ಮೀನು ಮಾರುವವಳು ಕೂಗಿದಳು. ಸಾಲು ಬಿದ್ದು ಬಿದ್ದು ನಕ್ಕಿತು. ಅಧಿಕಾರಿ ಇಂಗು ತಿಂದ ಮಂಗನಂತಾದ.

ಅಮ್ಮನ ಸರದಿ ಬಂದಾಗ ಅವನು ಚೀಲ ಮುಟ್ಟಲೇ ಇಲ್ಲ. "ನೋಡೋದೇನೂ ಬೇಡ, ಹೋಗಿ ತಾಯಿ," ಎಂದು ಕೈಬೀಸಿದ.

ಅಮ್ಮ ಚೀಲವನ್ನು ಮೇಜಿಗೆ ಕುಕ್ಕಿದಳು. "ಯಾಕಪ್ಪಾ, ಹೋದ ಸಲ ನೋಡಿದ್ಯಲ್ಲ? ನೀನು ತೆಗೆಯೋ ತನಕ ಈ ಸಾಲು ಕದಲಲ್ಲ."

ಅವನು ಜಿಪ್ಪು ಎಳೆದ. ಒಳಗಿದ್ದದ್ದು ಅದೇ ಹಳೆಯ ಲಂಗ.

"ಎತ್ತು," ಎಂದಳು ಅಮ್ಮ. "ಇನ್ನೂ ಮೇಲೆ."